ಕೋಲಿಯಸ್ ನಾಟಿಗೆ ಮುಂಚಿನ ಕೆಲಸ: ಡಿಸೆಂಬರ್ ಕೊಯ್ಲಿನಿಂದ ಆರಿದ್ರಾ ಮಳೆವರೆಗೆ

ಕೋಲಿಯಸ್ ಎಂಬ ಔಷಧಿ ಬೆಳೆಯ ಹೊಲದಲ್ಲಿ ಗಿಡ ಬಾಡಲು ಶುರುವಾದ ಮೇಲೆ ಬುಡಕ್ಕೆ ಸುರಿಯುವ ಔಷಧಿ ಹೆಚ್ಚಾಗಿ ನಮ್ಮ ಸಮಾಧಾನಕ್ಕೇ ಹೊರತು ಗಿಡಕ್ಕಲ್ಲ. ಎಲೆ ಜೋತುಬೀಳುವ ಹೊತ್ತಿಗೆ ಬೇರಿನ ತೊಗಟೆ ಕೊಳೆತು ಕೈಗೆ ಬರುತ್ತಿರುತ್ತದೆ. ಈ ಬೆಳೆಯಲ್ಲಿ ಮಾರುವುದೇ ಬೇರನ್ನು. ಫೋರ್ಸ್ಕೊಲಿನ್ ಎಂಬ ಔಷಧಿ ಅಂಶ ಇರುವುದು ಆ ಗೆಡ್ಡೆಯಂಥ ಬೇರಿನಲ್ಲಿ. ಸೊಪ್ಪಿನ ಬೆಳೆಯಾದರೆ ಬೇರು ಅರ್ಧ ಹೋದರೂ ಏನಾದರೂ ಉಳಿಯುತ್ತದೆ, ಇಲ್ಲಿ ಬೇರು ಹೋದರೆ ಬೆಳೆಯೇ ಹೋಯಿತು. ಹಾಗಾಗಿ ಈ ಹಂಗಾಮಿಗೆ ರೋಗದ ಕೆಲಸವನ್ನೆಲ್ಲ ನಾಟಿಗೆ ಮುಂಚೆಯೇ ಮುಗಿಸಿದೆವು. ಬೆಳಗಾವಿ ಜಿಲ್ಲೆಯ ಮಸಾರಿ ಭೂಮಿ, ಒಂದು ಎಕರೆ, ಕುಡಿ ಕಡ್ಡಿಯಿಂದ ಸಸಿ. ನಾಟಿ ಮುಗಿದು ಸಸಿ ಹಿಡಿದಿವೆ. ಮುಂದಿನ ವರ್ಷ ಹಾಕುವವರಿಗೆ ಕೆಲಸದ ಕ್ರಮ ತಿಳಿಯಲಿ ಎಂದು ಬರೆಯುತ್ತಿರುವುದು. ಸಾಮಾನು ಎಲ್ಲರ ಹತ್ತಿರವೂ ಅವೇ ಇರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ಬಿಡುವು ಎನ್ನುವುದರಲ್ಲಿ ಎಡವಿದರೆ ಒಂದು ಇನ್ನೊಂದನ್ನು ಕೊಂದು ಹಾಕುತ್ತದೆ.

ಕೆಲಸ ಶುರುವಾಗುವುದು ಹಿಂದಿನ ಬೆಳೆಯ ಕೊಯ್ಲಿನಲ್ಲಿ. ಗಿಡ ಸತ್ತ ಜಾಗಗಳು ಆಗ ಕಣ್ಣಿಗೆ ಕಾಣುತ್ತವೆ, ಒಂದು ಮಳೆ ಬಿದ್ದು ಕುಂಟೆ ಹೊಡೆದರೆ ಗುರುತೇ ಸಿಗುವುದಿಲ್ಲ. ಆ ಜಾಗಗಳಿಗೆಲ್ಲ ಗೂಟ ಹೊಡೆದು, ಒಂದು ಕಾಗದದ ಮೇಲೆ ಹೊಲದ ನಕ್ಷೆ ಬರೆದು ಗುರುತು ಹಾಕಿ. ನಮ್ಮಲ್ಲಿ ಅದು ಸುಮಾರು ಐದು ಗುಂಟೆಯಷ್ಟು ಆಯಿತು, ಹೆಚ್ಚಿನದು ನೀರು ಹರಿದು ನಿಲ್ಲುವ ಕೆಳಬದಿಯಲ್ಲಿ.

ಸತ್ತದ್ದು ಯಾವುದರಿಂದ ಎಂದು ತಿಳಿಯದೆ ಮುಂದೆ ಹೋಗಬಾರದು. ಕೋಲಿಯಸ್‌ನಲ್ಲಿ ಎಲ್ಲರೂ ‘ಸೊರಗು ರೋಗ’ ಎಂದು ಒಂದೇ ಹೆಸರು ಹೇಳುತ್ತಾರೆ, ಒಳಗೆ ಇರುವವರು ಬೇರೆ ಬೇರೆ. ಫ್ಯುಸೇರಿಯಂ ಕ್ಲಾಮಿಡೋಸ್ಪೋರಮ್ ಮತ್ತು ಮ್ಯಾಕ್ರೋಫೊಮಿನಾ ಎಂಬ ಶಿಲೀಂಧ್ರಗಳು, ರಾಲ್ಸ್ಟೋನಿಯಾ ಎಂಬ ದುಂಡಾಣು (ಬ್ಯಾಕ್ಟೀರಿಯಾ), ಬೇರುಗಂಟು ಜಂತುಹುಳು (ನೆಮಟೋಡ್). ಶಿಲೀಂಧ್ರವಾದರೆ ಕೆಳಗಿನ ಎಲೆಯಿಂದ ಹಳದಿಯಾಗುತ್ತ ಗಿಡ ನಿಧಾನಕ್ಕೆ ಸೊರಗುತ್ತದೆ, ಬೇರಿನ ಸಿಪ್ಪೆ ಕಂದಾಗಿ ಕಳಚುತ್ತದೆ. ದುಂಡಾಣುವಾದರೆ ಎಲೆ ಹಸಿರಿರುವಾಗಲೇ ಗಿಡ ಎರಡು ಮೂರು ದಿನದಲ್ಲಿ ಜೋತುಬೀಳುತ್ತದೆ. ಅನುಮಾನವಿದ್ದರೆ ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಬಿಳಿ ಹಾಲಿನ ಎಳೆ ಇಳಿದರೆ ಅದು ದುಂಡಾಣು. ಇದಕ್ಕೆ ಆಗಷ್ಟೇ ಬಾಡಿದ ಗಿಡ ಬೇಕು, ಒಣಗಿದ ಗಿಡದಲ್ಲಿ ಏನೂ ಕಾಣುವುದಿಲ್ಲ.

ಜಂತುಹುಳುವಿನ ವಿಷಯದಲ್ಲಿ ಕೋಲಿಯಸ್ ಒಂದು ತೊಡಕು ಒಡ್ಡುತ್ತದೆ. ಅದರ ಬೇರೇ ಊದಿಕೊಂಡಿರುವ ಬೇರು. ಟೊಮೆಟೊ ಗಿಡ ಕಿತ್ತು ಗಂಟು ನೋಡಿದ ಕಣ್ಣಿಗೆ ಇಲ್ಲಿ ಎಲ್ಲವೂ ಗಂಟಿನಂತೆಯೇ ಕಾಣಬಹುದು. ದಪ್ಪ ಬೇರನ್ನು ಬಿಟ್ಟು ಕೂದಲಿನಂಥ ಸಣ್ಣ ಬೇರುಗಳನ್ನು ನೀರಿನಲ್ಲಿ ತೊಳೆದು ನೋಡಬೇಕು. ಅವುಗಳ ಮೇಲೆ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಹುಳು ಇದೆ. ಹುಳು ಇದ್ದಲ್ಲಿ ಶಿಲೀಂಧ್ರದ ಹಾವಳಿಯೂ ಹೆಚ್ಚು, ಏಕೆಂದರೆ ಹುಳು ಮಾಡಿದ ಗಾಯವೇ ಅದಕ್ಕೆ ಬಾಗಿಲು. ಇಬ್ಬರೂ ಇದ್ದಾಗ ಒಬ್ಬನಿಗೆ ಮಾತ್ರ ಮದ್ದು ಹಾಕಿದರೆ ಫಲವಿಲ್ಲ.

ನಮ್ಮ ಹೊಲದಲ್ಲಿ ಹಾಲಿನ ಎಳೆ ಕಾಣಲಿಲ್ಲ. ಶಿಲೀಂಧ್ರ ಮತ್ತು ಹುಳು ಎರಡೂ ಇದ್ದವು. ಎಳೆ ಕಂಡಿದ್ದರೆ ಆ ಹೊಲದಲ್ಲಿ ಕೋಲಿಯಸ್ ಹಾಕುತ್ತಲೇ ಇರಲಿಲ್ಲ. ರಾಲ್ಸ್ಟೋನಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಸಾಲಿಗೆ ಬ್ಲೀಚಿಂಗ್ ಪೌಡರ್ ಹಾಕುವ ಪದ್ಧತಿ ಆಲೂಗಡ್ಡೆಯಲ್ಲಿದೆ, ಎಕರೆಗೆ ಸುಮಾರು 5 ಕಿಲೊ ಲೆಕ್ಕ. ಅದು ರೋಗದ ಒತ್ತಡ ಕಡಿಮೆ ಮಾಡುತ್ತದೆ, ಮಣ್ಣನ್ನು ಚೊಕ್ಕ ಮಾಡುವುದಿಲ್ಲ. ಹಾಕುವವರು ನೆನಪಿಡಬೇಕಾದದ್ದು, ಕ್ಲೋರಿನ್ ಹಾಕಿದ ಮಣ್ಣಿಗೆ ಹತ್ತು ಹದಿನೈದು ದಿನ, ರೋಗಾಣುಗಳನ್ನು ಹತ್ತಿಕ್ಕುವ ಒಳ್ಳೆಯ ಜೀವಾಣುಗಳಾದ ಟ್ರೈಕೋಡರ್ಮಾ ಆಗಲಿ ಸ್ಯೂಡೊಮೊನಾಸ್ ಆಗಲಿ ತೋರಿಸಬಾರದು.

ಮಣ್ಣು ಪರೀಕ್ಷೆಯಲ್ಲಿ ತಾಳ್ಮೆ ಬೇಕಾಯಿತು. ಸಾಮಾನ್ಯ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ನೋಡುತ್ತಾರೆ. ಜಂತುಹುಳು ಎಣಿಸುವುದು ಅಲ್ಲಿಯ ಕೆಲಸವಲ್ಲ, ಅದಕ್ಕೆ ಕೃಷಿ ಅಥವಾ ತೋಟಗಾರಿಕೆ ವಿಶ್ವವಿದ್ಯಾಲಯದ ಸಸ್ಯರೋಗ ಅಥವಾ ಜಂತುಹುಳು ವಿಭಾಗಕ್ಕೇ ಹೋಗಬೇಕು. ನಮ್ಮ ಭಾಗದವರಿಗೆ ಹತ್ತಿರವಿರುವುದು ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದಡಿ ಬರುವ ಅರಭಾವಿಯ ಕಾಲೇಜು, ಇನ್ನೊಂದು ಧಾರವಾಡ ಕೃಷಿ ವಿಶ್ವವಿದ್ಯಾಲಯ. ಹೋಗುವ ಮುಂಚೆ ಫೋನ್ ಮಾಡಿ ಮಾದರಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ನಾವು ಮೊದಲು ಕೊಟ್ಟ ಕಡೆ ಚೀಲ ಮೂಲೆಯಲ್ಲೇ ಉಳಿದು ಒಣಗಿತು, ಮತ್ತೊಮ್ಮೆ ಅಗೆದು ಬೇರೆಡೆ ಕೊಡಬೇಕಾಯಿತು.

ಒಣಗಿದರೆ ಏನಾಯಿತು ಎಂದು ಕೇಳಬಹುದು. ಗೊಬ್ಬರದ ಪರೀಕ್ಷೆಗೆ ಮಣ್ಣನ್ನು ನೆರಳಲ್ಲಿ ಒಣಗಿಸಿ ಅರ್ಧ ಕಿಲೊ ಕೊಡುತ್ತೇವೆ. ಹುಳುವಿನ ಪರೀಕ್ಷೆಗೆ ಒಣಗಿಸಲೇಬಾರದು, ಸತ್ತ ಹುಳು ಜರಡಿಯಲ್ಲಿ ಸಿಗುವುದಿಲ್ಲ. ಗಿಡ ಇನ್ನೂ ನೆಲದಲ್ಲಿದ್ದಾಗ, ಮಣ್ಣು ಹಸಿಯಿರುವಾಗ, ಬೇರಿನ ಸುತ್ತ 15ರಿಂದ 20 ಸೆಂ.ಮೀ. ಆಳದಿಂದ, ಹತ್ತು ಹನ್ನೆರಡು ಕಡೆ ತೆಗೆದು ಬೆರೆಸಿ, ಕಾಲು ಕಿಲೊದಿಂದ ಅರ್ಧ ಕಿಲೊ ಪಾಲಿಥೀನ್ ಚೀಲಕ್ಕೆ ತುಂಬಿ, ಜೊತೆಗೆ ಒಂದು ಹಿಡಿ ಸಣ್ಣ ಬೇರು ಇಟ್ಟು ಬಾಯಿ ಕಟ್ಟಬೇಕು. ಬಿಸಿಲು ಬೀಳುವ ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟರೆ ಮಣ್ಣು ಒಲೆಯ ಮೇಲಿಟ್ಟಂತೆ. ರೋಗದ ಜಾಗದ ಮಾದರಿ ಬೇರೆ, ಚೆನ್ನಾಗಿರುವ ಜಾಗದ್ದು ಬೇರೆ. ಚೀಲದೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಇರಲಿ: ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ, ತೆಗೆದ ದಿನ. ಪೆನ್ನಿನ ಶಾಯಿ ಹಸಿಗೆ ಹರಡುತ್ತದೆ. ಫೆಬ್ರವರಿಯ ಒಣ ಹೊಲದಲ್ಲಿ ಅಗೆದು ಕಳಿಸಿ, ‘ಹುಳು ಇಲ್ಲ’ ಎಂದು ವರದಿ ಬಂತೆಂದು ನಿಶ್ಚಿಂತೆಯಾದವರು ಜುಲೈನಲ್ಲಿ ಕಷ್ಟಪಡುತ್ತಾರೆ.

ವರದಿಗೆ ಕಾಯುವ ದಿನಗಳಲ್ಲಿ ಹೊಲ ಚೊಕ್ಕ ಮಾಡುವ ಕೆಲಸ. ಸತ್ತ ಗಿಡದ ಬುಡ, ಉಳಿದ ಬೇರಿನ ತುಂಡು ಎಲ್ಲ ಆರಿಸಿ ಸುಟ್ಟೆವು. ಅದನ್ನು ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದ ಜೊತೆ ಇಡೀ ಹೊಲಕ್ಕೆ ರೋಗ ಹಂಚಿದಂತೆ. ಬಾಡಿಗೆ ಟ್ರ್ಯಾಕ್ಟರಿನ ನೇಗಿಲಿಗೆ ಅಂಟಿದ ಮಣ್ಣನ್ನೂ ಹೊಲದ ಹೊರಗೇ ಕೆರೆಸಿ ತೊಳೆಸಿ ಒಳಗೆ ಬಿಡಿ. ಚಾಲಕ ಗೊಣಗುತ್ತಾನೆ, ಗೊಣಗಲಿ.

ಬೆಳೆ ಸರದಿಯ ಬಗ್ಗೆ ಒಂದು ಮಾತು. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿ ಹಾಕಿದ ಹೊಲ ಬೇಡ ಎನ್ನುವುದು ಗೊತ್ತಿರುವ ವಿಷಯ. ಹಾಗಾದರೆ ಜೋಳದ ಹೊಲ ಸುರಕ್ಷಿತ ಎಂದುಕೊಳ್ಳುವುದುಂಟು. ಹಿಂಗಾರಿ ಜೋಳದಲ್ಲಿ ಕಾಂಡ ಒಳಗೆ ಕಪ್ಪಾಗಿ ಗಿಡ ನೆಲಕ್ಕೆ ಬೀಳುವ ಇದ್ದಿಲು ಕೊಳೆ ರೋಗ ಬಂದಿದ್ದರೆ, ಅದು ಇದೇ ಮ್ಯಾಕ್ರೋಫೊಮಿನಾ. ಅದರ ಕರಿ ಸಾಸಿವೆಗಿಂತ ಸಣ್ಣ ಬೀಜಗಡ್ಡೆಗಳು ಕೂಳೆಯಲ್ಲಿ ಉಳಿದು ಮುಂದಿನ ಬೆಳೆಗೆ ಕಾಯುತ್ತವೆ. ಜೋಳ ಬಿದ್ದಿತ್ತೇ ಎಂದು ಭೂಮಿಯ ಮಾಲೀಕರನ್ನು ಕೇಳಿ, ಆಮೇಲೆ ಲಾವಣಿ (ಗುತ್ತಿಗೆ) ಮಾತಾಡಿ. ಹುಳು ಇರುವ ಹೊಲದಲ್ಲಿ ಚೆಂಡು ಹೂವಿನ ಒಂದು ಬೆಳೆ ತೆಗೆಯುವುದು ಒಳ್ಳೆಯದು, ಸಮಯವಿದ್ದವರಿಗೆ.

ಏಪ್ರಿಲ್‌ನಲ್ಲಿ ಸೌರೀಕರಣ, ಅಂದರೆ ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪಾಲಿಥೀನ್ ಹಾಸಿ ಬಿಸಿಲಿನಿಂದ ಮಣ್ಣು ಬೇಯಿಸುವುದು. ಇಡೀ ಎಕರೆಗೆ ಮಾಡಿದರೆ ಹಾಳೆಯೇ 90 ಕಿಲೊ ಮೇಲೆ ಬೇಕು, ಆ ಖರ್ಚು ಬೆಳೆಗೆ ಹೊರೆ. ಗೂಟ ಹೊಡೆದ ಐದು ಗುಂಟೆಗೆ ಮಾತ್ರ ಮಾಡಿದೆವು. 25 ಮೈಕ್ರಾನ್ ಹಾಳೆ ಚದರ ಮೀಟರಿಗೆ 23 ಗ್ರಾಂ ತೂಗುತ್ತದೆ, ಐದು ಗುಂಟೆಗೆ 12 ಕಿಲೊ, ಅಂಚು ಹೂಳಲು ಸೇರಿ 15 ಕಿಲೊ ತಂದರೆ ಸಾಕು. ಅಂಗಡಿಯವರು ಮಲ್ಚಿಂಗಿನ ಕಪ್ಪು ಹಾಳೆ ಕೊಡಲು ನೋಡುತ್ತಾರೆ. ಕಪ್ಪು ಹಾಳೆ ತಾನು ಬಿಸಿಯಾಗುತ್ತದೆ, ಮಣ್ಣಿಗೆ ಬಿಸಿಲು ಬಿಡುವುದಿಲ್ಲ. ಪಾರದರ್ಶಕವೇ ಬೇಕು. ದಪ್ಪ ಹಾಳೆ ಹೆಚ್ಚು ಕೆಲಸ ಮಾಡುತ್ತದೆ ಎನ್ನುವುದೂ ತಪ್ಪು, ತೆಳುವಾದಷ್ಟೂ ಶಾಖ ಚೆನ್ನಾಗಿ ಇಳಿಯುತ್ತದೆ, ಹರಿಯುವುದೊಂದೇ ಭಯ.

ಮಣ್ಣನ್ನು ಪುಡಿಯಾಗಿ ಉತ್ತು, ಹೆಂಟೆ ಒಡೆದು, ಸಮ ಮಾಡಿ, ಸ್ವಲ್ಪ ತಿಪ್ಪೆಗೊಬ್ಬರ ಬೆರೆಸಿ, ಒಂದು ನೀರು ಕೊಟ್ಟು, ಮರುದಿನ ಹಾಳೆ ಹಾಸಬೇಕು. ಒಣ ಮಣ್ಣಿನ ಮೇಲೆ ಹಾಸಿದರೆ ದುಡ್ಡು ದಂಡ. ಒದ್ದೆಯಿದ್ದರೆ ಶಾಖ ಆಳಕ್ಕೆ ಇಳಿಯುತ್ತದೆ, ಮಲಗಿರುವ ಶಿಲೀಂಧ್ರ ಬೀಜಗಳೂ ಎಚ್ಚರವಾಗಿ ಬೇಗ ಸಾಯುತ್ತವೆ. ಹಾಳೆ ಮಣ್ಣಿಗೆ ಅಂಟಿದಂತೆ ಕೂರಬೇಕು, ಕೆಳಗೆ ಗಾಳಿ ಉಳಿದರೆ ಶಾಖ ಕಡಿಮೆ. ನಾಲ್ಕೂ ಅಂಚನ್ನು ಒಂದು ಗೇಣು ಆಳದ ಚರಿಯಲ್ಲಿ ಹೂತು ತುಳಿಯಿರಿ. ನಾಲ್ಕರಿಂದ ಆರು ವಾರ ಬಿಡಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಐದು ಸೆಂ.ಮೀ. ಆಳದಲ್ಲಿ ಥರ್ಮಾಮೀಟರ್ ಇಟ್ಟರೆ 45ರ ಮೇಲೆ, ಕಡು ಬಿಸಿಲಿನಲ್ಲಿ 50 ಡಿಗ್ರಿ ಸೆಲ್ಸಿಯಸ್‌ವರೆಗೂ ತೋರಿಸಬೇಕು. ಹಾಳೆಯ ಒಳಬದಿಯಲ್ಲಿ ನೀರ ಹನಿ ಕಾಣುತ್ತಿದ್ದರೆ ತೇವ ಇದೆ ಎಂದು ಅರ್ಥ.

ಇಲ್ಲಿ ತೊಂದರೆ ಕೊಡುವುದು ನಾಯಿ, ದನ ಮತ್ತು ಅಡ್ಡಮಳೆ. ಒಂದು ಸಂಜೆಯ ಗಾಳಿಮಳೆಗೆ ಅಂಚು ಕಿತ್ತು ಹಾಳೆ ಬದುವಿಗೆ ಹೋಗಿ ಸುತ್ತಿಕೊಳ್ಳುತ್ತದೆ. ಆಗ ಎಷ್ಟು ವಾರದ ಕೆಲಸ ಹಾಳಾಯಿತು ಎಂದು ಎದೆ ಒಡೆಯುತ್ತದೆ, ಆದರೆ ಪೂರ್ತಿ ಹಾಳಾಗುವುದಿಲ್ಲ. ಮತ್ತೆ ಹಾಸಿ ಮುಂದುವರಿಸಿ, ಕಳೆದುಹೋದ ದಿನ ಕೂಡಿಸಿ. ತೂತಿಗೆ ಅಂಟುಪಟ್ಟಿ ಹಚ್ಚಿದರೆ ಸಾಕು. ಹಾಳೆ ತೆಗೆದ ಮೇಲೆ ಆಳವಾಗಿ ಉಳಬೇಡಿ. ಬೆಂದದ್ದು ಮೇಲಿನ ಮಣ್ಣು, ಅಡಿಯದು ಹಾಗೇ ಇದೆ. ಐದು ಹತ್ತು ಸೆಂ.ಮೀ. ಕೆದಕಿದರೆ ಸಾಕು. ಬೆಂದ ಮಣ್ಣಿನಲ್ಲಿ ಒಳ್ಳೆಯ ಜೀವಿಗಳೂ ಕಡಿಮೆಯಾಗಿರುತ್ತವೆ, ಖಾಲಿ ಮನೆಗೆ ಮೊದಲು ಯಾರು ಬರುತ್ತಾರೋ ಅವರದೇ ಕಾರುಬಾರು. ಹಾಗಾಗಿ ಟ್ರೈಕೋಡರ್ಮಾ ಗೊಬ್ಬರ ಆ ಹೊತ್ತಿಗೆ ಕೈಯಲ್ಲಿ ಸಿದ್ಧವಿರಬೇಕು.

ಟ್ರೈಕೋಡರ್ಮಾ ಕೊಳ್ಳುವುದು ನಂಬಿಕೆಯ ವ್ಯಾಪಾರ, ಸ್ವಲ್ಪ ಲೇಬಲ್ಲಿನ ವ್ಯಾಪಾರವೂ ಹೌದು. ಪೊಟ್ಟಣದ ಮೇಲೆ ಗ್ರಾಂಗೆ ಕನಿಷ್ಠ 20 ಲಕ್ಷ ಜೀವಾಣು ಎಂದಿರಬೇಕು, ತಯಾರಿಸಿದ ದಿನ ಎರಡು ಮೂರು ತಿಂಗಳ ಒಳಗಿನದಾಗಿರಬೇಕು. ತಗಡಿನ ಛಾವಣಿಯ ಅಂಗಡಿಯಲ್ಲಿ ಬೇಸಿಗೆ ಕಳೆದ ಪೊಟ್ಟಣ ಲೇಬಲ್ಲಿನ ಮೇಲೆ ಮಾತ್ರ ಜೀವಂತ. ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರದ ಕೌಂಟರುಗಳಲ್ಲಿ ತಾಜಾ ಸಿಗುತ್ತದೆ, ಆದರೆ ಮುಂಗಾರು ಹತ್ತಿರವಾದಂತೆ ದಾಸ್ತಾನು ಮುಗಿದು ವಾರಗಟ್ಟಲೆ ಕಾಯಬೇಕಾಗುತ್ತದೆ. ಏಪ್ರಿಲ್ ಕೊನೆಗೇ ಹೆಸರು ಬರೆಸಿಡಿ. ತಂದ ಪುಡಿ ಬದುಕಿದೆಯೇ ಎಂದು ನೋಡಲು ಒಂದು ಬಟ್ಟಲು ಬೆಂದ, ಆರಿದ ಅನ್ನದ ಮೇಲೆ ಚಿಟಿಕೆ ಉದುರಿಸಿ ಮುಚ್ಚಿಡಿ. ನಾಲ್ಕೈದು ದಿನದಲ್ಲಿ ಬಿಳಿ ಬೂಷ್ಟು ಬಂದು ಹಸಿರಿಗೆ ತಿರುಗಿದರೆ ಸರಿ. ಕಪ್ಪು ಬೂಷ್ಟೇ ಬಂದರೆ, ಇಲ್ಲವೇ ಏನೂ ಬಾರದಿದ್ದರೆ, ಹಿಂದಕ್ಕೆ ಕೊಡಿ.

ಗೊಬ್ಬರದ ಲೆಕ್ಕ ಹೀಗೆ. 60 × 30 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 22 ಸಾವಿರ ಗಿಡ. ಒಂದು ಗುಣಿಗೆ ಸಣ್ಣ ಹಿಡಿ, ಇಪ್ಪತ್ತು ಗ್ರಾಂ ಚಿಲ್ಲರೆ ಎಂದರೆ 500 ಕಿಲೊ ಬೇಕು. 450 ಕಿಲೊ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, 50 ಕಿಲೊ ಬೇವಿನ ಹಿಂಡಿ, 5 ಕಿಲೊ ಟ್ರೈಕೋಡರ್ಮಾ. ಮರದ ನೆರಳಿನಲ್ಲಿ ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹೊದಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಮಗುಚಿ. ಹದಿನೈದು ದಿನಕ್ಕೆ ಹಸಿರು ಬೂಷ್ಟಿನ ತೇಪೆಗಳು ಕಾಣುತ್ತವೆ, ಕಾಡಿನ ಮಣ್ಣಿನ ವಾಸನೆ ಬರುತ್ತದೆ.

ನಮ್ಮ ಕಡೆಯ ಮೇ ತಿಂಗಳ ಶಾಖದಲ್ಲಿ ಇದು ಕೆಡುವುದು ಎರಡು ಕಾರಣಕ್ಕೆ. ಟ್ರೈಕೋಡರ್ಮಾಕ್ಕೆ ಹಿತವಾದದ್ದು 25ರಿಂದ 30 ಡಿಗ್ರಿ. ಹಸಿ ಸಗಣಿ ಬೆರೆತ ಗೊಬ್ಬರವನ್ನು ಎದೆಯೆತ್ತರ ಒಟ್ಟಿದರೆ ಒಳಗೆ ತಾನೇ ಕಾದು ಅದನ್ನು ಸುಡುತ್ತದೆ. ರಾಶಿ ಒಂದೂವರೆ ಅಡಿ ಮೀರಬಾರದು, ಕೈ ಹಾಕಿದರೆ ಬಿಸಿ ತಾಗಬಾರದು. ಇನ್ನೊಂದು, ಪ್ಲಾಸ್ಟಿಕ್ ಹೊದಿಸುವುದು. ಉಸಿರು ಕಟ್ಟಿ ಹುಳಿ ವಾಸನೆ ಬಂತೆಂದರೆ ಮಗುಚಿ, ಒಂದು ದಿನ ತೆರೆದಿಡಿ. ಬೇವಿನ ಹಿಂಡಿಯಲ್ಲೂ ಕಲಬೆರಕೆ ಧಾರಾಳ. ಚಿಟಿಕೆ ನಾಲಿಗೆಗೆ ಹಚ್ಚಿದರೆ ಕಹಿ ಗಂಟಲವರೆಗೆ ಹೋಗಬೇಕು. ಬೇವಿನ ಎಣ್ಣೆಯ ಘಾಟಿಲ್ಲದ, ಹುಡಿ ಮಣ್ಣಿನಂತಿರುವ ಹಿಂಡಿಯನ್ನು ಅಗ್ಗವೆಂದು ಕೊಳ್ಳಬೇಡಿ.

ಇದಲ್ಲದೆ ಹುಳುವಿಗೆಂದು ಎಕರೆಗೆ ಇನ್ನೂ 100 ಕಿಲೊ ಬೇವಿನ ಹಿಂಡಿಯನ್ನು ನಾಟಿಗೆ ಎರಡು ಮೂರು ವಾರ ಮುಂಚೆ ಮಣ್ಣಿಗೆ ಸೇರಿಸಿದೆವು. ನಾಟಿಯ ದಿನವೇ ಹಸಿ ಹಿಂಡಿ ಬುಡಕ್ಕೆ ಹಾಕಿದರೆ ಅದು ಕೊಳೆಯುವ ಶಾಖಕ್ಕೆ ಎಳೆ ಬೇರು ಸುಡುತ್ತದೆ. ಹುಳುವಿನ ಮೊಟ್ಟೆಗಳನ್ನು ತಿನ್ನುವ ಪೆಸಿಲೊಮೈಸಿಸ್ ಎಂಬ ಶಿಲೀಂಧ್ರದ ಪುಡಿಯೂ ಸಿಗುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇಂಥ ಜೈವಿಕ ಜಂತುನಾಶಕಗಳ ಮೇಲೆ ಸಾಕಷ್ಟು ಕೆಲಸ ಮಾಡಿದೆ. ಅದನ್ನೂ ಇದೇ ರೀತಿ ಗೊಬ್ಬರದಲ್ಲಿ ಬೆಳೆಸಿ ಹಾಕಬಹುದು.

ಇನ್ನು ಕಡ್ಡಿ. ಮೇ ಎರಡನೇ ಅರ್ಧದಲ್ಲಿ ಕಡ್ಡಿ ನೆಟ್ಟರೆ ಒಂದು ತಿಂಗಳಿಗೆ ಬೇರು ಕಟ್ಟಿ, ಆರಿದ್ರಾ ಮಳೆಗೆ ನಾಟಿಗೆ ಬರುತ್ತದೆ. ತಳಿ ಕೆ-8. ಕೊಯ್ಯುವುದು ಕುಡಿಯನ್ನು ಮಾತ್ರ, 10ರಿಂದ 12 ಸೆಂ.ಮೀ. ಉದ್ದ, ಮೂರು ನಾಲ್ಕು ಜೋಡಿ ಎಲೆ ಇರುವಂಥದ್ದು. ಬೇರು ಸಮೇತ ಸೀಳಿದ ಬುಡದ ತುಂಡುಗಳನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ, ಹುಳು ಮತ್ತು ಶಿಲೀಂಧ್ರ ಬರುವುದೇ ಆ ದಾರಿಯಲ್ಲಿ. ಕುಡಿಯಲ್ಲಿ ಜಂತುಹುಳು ಇರುವುದಿಲ್ಲ. ದುಂಡಾಣು ಮಾತ್ರ ಚೆನ್ನಾಗಿ ಕಾಣುವ ತಾಯಿಗಿಡದಲ್ಲೂ ಅಡಗಿರಬಲ್ಲದು, ಹಾಗಾಗಿ ಕಡ್ಡಿ ಕೊಡುವವರ ಹೊಲವನ್ನು ಕಣ್ಣಾರೆ ನೋಡದೆ ಹಣ ಕೊಡಬಾರದು. ಚಾಕುವನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಬೇಕು. ಕೂಲಿಯವರಿಗೆ ಇದು ಮಡಿಯಂತೆ ಕಾಣುತ್ತದೆ. ಎರಡು ಚಾಕು ಕೊಟ್ಟು ಒಂದು ಸ್ಪಿರಿಟ್ಟಿನಲ್ಲಿ, ಒಂದು ಕೈಯಲ್ಲಿ ಎಂದರೆ ಕೆಲಸ ನಿಲ್ಲುವುದಿಲ್ಲ.

ಕಡ್ಡಿ ಅದ್ದುವ ವಿಷಯದಲ್ಲೇ ಅತಿ ಹೆಚ್ಚು ಗೊಂದಲ. ರೂಢಿಯ ಪ್ರಕಾರ ಕಾರ್ಬೆಂಡಜಿಮ್ ಲೀಟರಿಗೆ 1 ಗ್ರಾಂ. ಅದ್ದುತ್ತಾರೆ, ಆಮೇಲೆ ಅದೇ ಕಡ್ಡಿಯನ್ನು ಟ್ರೈಕೋಡರ್ಮಾ ಬೆರೆಸಿದ ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿಗೆ) ಚುಚ್ಚುತ್ತಾರೆ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಕಾರ್ಬೆಂಡಜಿಮ್ ಅದನ್ನು ಉಳಿಸುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಕಾರ್ಬೆಂಡಜಿಮ್ ಬಳಸುವುದಾದರೆ ಹದಿನೈದು ದಿನ ಜೈವಿಕದ ಮಾತೆತ್ತಬೇಡಿ. ಇನ್ನೂ ಒಂದು ಸಂಗತಿ, ಸಸಿ ಬೆಳೆಸುವ ಟ್ರೇಯಲ್ಲಿ ಕಡ್ಡಿಯ ಬುಡ ಕಪ್ಪಾಗಿ ನೀರೊಡೆದು ಕೊಳೆಯುವುದು ಪಿಥಿಯಂ ಎಂಬ ರೋಗಾಣುವಿನಿಂದ ಆಗಿದ್ದರೆ ಕಾರ್ಬೆಂಡಜಿಮ್ ಅದರ ಮೇಲೆ ಕೆಲಸವನ್ನೇ ಮಾಡುವುದಿಲ್ಲ, ದುಂಡಾಣುವಿನ ಮೇಲೂ ಅಷ್ಟೆ. ಔಷಧಿ ಬೆಳೆಗಳ ಹೆಸರು ಬಹುತೇಕ ರಾಸಾಯನಿಕಗಳ ಲೇಬಲ್ ಮೇಲೆ ಇರುವುದೂ ಇಲ್ಲ, ಕೊಳ್ಳುವವರು ಉಳಿಕೆ ಅಂಶ ಪರೀಕ್ಷಿಸಿ ಸರಕು ತಿರಸ್ಕರಿಸಬಹುದು. ನಾವು ಜೈವಿಕದ ದಾರಿ ಹಿಡಿದೆವು: ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಲೀಟರಿಗೆ 10 ಗ್ರಾಂ, ಕಡ್ಡಿಯ ಕೆಳಭಾಗ ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ನೀರು ಇಳಿಸಿ, ಟ್ರೇಗೆ. ಬಕೆಟ್ ನೀರು ಕ್ಲೋರಿನ್ ಹಾಕಿದ ನಲ್ಲಿಯದಾಗಿರಬಾರದು, ಬೋರಿನ ನೀರು ಆಗುತ್ತದೆ. ಕೆಲವು ಕಂತೆ ಅದ್ದಿದ ಮೇಲೆ ದ್ರಾವಣ ಕೆಸರಾಗುತ್ತದೆ, ಚೆಲ್ಲಿ ಹೊಸದು ಮಾಡಿ. ಟ್ರೈಕೋಡರ್ಮಾ ಮತ್ತು ಸ್ಯೂಡೊಮೊನಾಸ್ ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಲಿಲ್ಲ. ಒಂದು ಕಡ್ಡಿಗೆ, ಇನ್ನೊಂದು ಕೋಕೋಪೀಟ್‌ಗೆ.

ಶೇಕಡ 10ರಿಂದ 15 ಹೆಚ್ಚುವರಿ ಸೇರಿ 25 ಸಾವಿರ ಕಡ್ಡಿ, 98 ಗುಳಿಯ 255 ಪ್ರೋಟ್ರೇ. ಟ್ರೇಗೆ ಒಂದೂಕಾಲು ಕಿಲೊ ಲೆಕ್ಕದಲ್ಲಿ ಸುಮಾರು 320 ಕಿಲೊ ಕೋಕೋಪೀಟ್. ಅದಕ್ಕೆ 5 ಕಿಲೊ ಬೇವಿನ ಹಿಂಡಿ ಪುಡಿ, 3 ಕಿಲೊ ಟ್ರೈಕೋಡರ್ಮಾ, ಜೊತೆಗೆ 10 ಕಿಲೊ ವ್ಯಾಮ್ ಬೆರೆಸಿದೆವು. ಹಳೆಯ ಟ್ರೇಗಳನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ತೊಳೆದು, ಬಿಸಿಲಿನಲ್ಲಿ ಒಣಗಿಸಿಯೇ ತುಂಬಬೇಕು. ವ್ಯಾಮ್ ಅಂದರೆ ಬೇರಿನೊಳಗೆ ಬದುಕುವ ಒಳ್ಳೆಯ ಶಿಲೀಂಧ್ರ, ಗ್ಲೋಮಸ್ ಜಾತಿಯದು. ಜೀವಂತ ಬೇರು ಸಿಗದೆ ಅದು ಬೆಳೆಯುವುದಿಲ್ಲ, ಹೊಲಕ್ಕೆ ಎರಚಿದರೆ ವ್ಯರ್ಥ, ನರ್ಸರಿಯಲ್ಲೇ ಹೊಸ ಬೇರಿಗೆ ತಾಗಬೇಕು. ಬೆಂಗಳೂರಿನಲ್ಲಿ ಕೋಲಿಯಸ್ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಫ್ಯುಸೇರಿಯಂ ಕೊಳೆಯ ವಿರುದ್ಧ ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದು ಟ್ರೈಕೋಡರ್ಮಾ ಮತ್ತು ಗ್ಲೋಮಸ್ ಜೋಡಿ. ವ್ಯಾಮ್ ಹಾಕಿದ ಟ್ರೇಗೆ ರಂಜಕದ ಗೊಬ್ಬರ ಜಾಸ್ತಿ ಕೊಡಬಾರದು, ರಂಜಕ ಸುಲಭವಾಗಿ ಸಿಕ್ಕರೆ ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ.

ನರ್ಸರಿಯ ಮೊದಲ ಹತ್ತು ದಿನ ಆತಂಕದ್ದು. ಎಲೆ ಬಾಡಿದಂತೆ ಕಾಣುತ್ತದೆ, ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ಅಲ್ಲಿ ತಡೆಯಬೇಕು. ಎಲೆಗೆ ಮಂಜಿನಂತೆ ಚಿಮುಕಿಸಿ, ಕೋಕೋಪೀಟನ್ನು ಕೆಸರು ಮಾಡಬೇಡಿ. ಟ್ರೇಯನ್ನು ನೆಲದ ಮೇಲೆ ಇಟ್ಟರೆ ಬೇರು ತೂತಿನಿಂದ ಇಳಿದು ನೆಲದ ರೋಗ ಹಿಡಿಯುತ್ತದೆ, ಇಟ್ಟಿಗೆಯ ಮೇಲೆ ಬಿದಿರ ಗಳ ಅಡ್ಡ ಇಟ್ಟು ಅದರ ಮೇಲೆ ಜೋಡಿಸಿ. 98 ಗುಳಿಯಲ್ಲಿ ಕೋಲಿಯಸ್‌ನ ಅಗಲ ಎಲೆ ಒಂದಕ್ಕೊಂದು ತಾಗುತ್ತದೆ, ಕೆಳಗಿನ ಜೋಡಿ ಎಲೆ ತೆಗೆದು, ಮೇಲಿನ ದೊಡ್ಡ ಎಲೆಯನ್ನು ಅರ್ಧ ಕತ್ತರಿಸಿದೆವು. ಕೊಳೆತ ಕಡ್ಡಿ ಕಂಡರೆ ಆ ಗುಳಿಯ ಕೋಕೋಪೀಟ್ ಸಮೇತ ತೆಗೆದು ಹೊರಗೆ ಹಾಕಿ. ಕಡ್ಡಿ ಮಾತ್ರ ಕಿತ್ತು ಹೊಸದು ಚುಚ್ಚಿದರೆ ಅದೂ ಕೊಳೆಯುತ್ತದೆ. ಕೊನೆಯ ವಾರ ನೀರು ಕಡಿಮೆ ಮಾಡಿ, ನೆರಳು ಪರದೆ ಸರಿಸಿ ಸಸಿಯನ್ನು ಗಟ್ಟಿ ಮಾಡಬೇಕು.

ಹೊಲದಲ್ಲಿ ಬೋದು ಸಾಲು. ಬೋದಿನ ಮೇಲೆ ಗಿಡ, ಸಾಲಿನಲ್ಲಿ ನೀರು ಹರಿದುಹೋಗುವ ದಾರಿ. ಬುಡದಲ್ಲಿ ಒಂದು ದಿನ ನೀರು ನಿಂತರೆ ಇಷ್ಟೂ ತಿಂಗಳ ಕೆಲಸವನ್ನು ಅದು ಅಳಿಸುತ್ತದೆ. ಕೆಳಬದಿಯಲ್ಲಿ ಅಡ್ಡ ಬಸಿಗಾಲುವೆ ತೆಗೆಸಿದ್ದು ಇಡೀ ಯೋಜನೆಯಲ್ಲಿ ಅತ್ಯಂತ ಸಾದಾ ಕೆಲಸ, ನನ್ನನ್ನು ಕೇಳಿದರೆ ಅತ್ಯಂತ ಮುಖ್ಯವಾದದ್ದೂ ಅದೇ. ಎರೆ ಭೂಮಿಯವರು ಎಷ್ಟು ಟ್ರೈಕೋಡರ್ಮಾ ಹಾಕಿದರೂ ಈ ಬೆಳೆಯಲ್ಲಿ ಗೆಲ್ಲುವುದು ಕಷ್ಟ.

ನಾಟಿಯ ದಿನ ಟ್ರೇಗಳನ್ನು ಸ್ಯೂಡೊಮೊನಾಸ್ ದ್ರಾವಣದಲ್ಲಿ, ಲೀಟರಿಗೆ 10 ಗ್ರಾಂ, ಕೋಕೋಪೀಟ್ ನೆನೆಯುವವರೆಗೆ ಹದಿನೈದು ನಿಮಿಷ ಇಟ್ಟೆವು. ತಗಡಿನ ತಟ್ಟೆ ಇಲ್ಲದವರು ನೆಲ ತೋಡಿ ತಾಡಪಾಲು ಹಾಸಿದರೂ ಆಗುತ್ತದೆ. ಗುಣಿಗೆ ಒಂದು ಸಣ್ಣ ಹಿಡಿ ಟ್ರೈಕೋಡರ್ಮಾ ಗೊಬ್ಬರ, ಮಣ್ಣಿನ ಜೊತೆ ಕೈಯಾಡಿಸಿ, ಅದರ ಮೇಲೆ ಸಸಿ. ನಾಟಿ ಸಂಜೆ, ಇಲ್ಲವೇ ಮೋಡದ ದಿನ. ಟ್ರೇಯಲ್ಲಿದ್ದಷ್ಟೇ ಆಳಕ್ಕೆ ನೆಡಬೇಕು. ಬೀಳಬಾರದೆಂದು ಕಾಂಡ ಹೂಳುವ ಅಭ್ಯಾಸ ಕೂಲಿಯವರಿಗಿದೆ, ಹೂತ ಕಾಂಡದಿಂದಲೇ ಕೊಳೆ ಶುರುವಾಗುತ್ತದೆ. ಹಾಳೆ ಹಾಸಿದ್ದ ಐದು ಗುಂಟೆಯನ್ನು ಕೊನೆಗೆ ನೆಟ್ಟೆವು, ಅಲ್ಲಿಯ ಕುರ್ಪಿ ಗುದ್ದಲಿ ಮತ್ತೆ ಮೇಲಿನ ಹೊಲಕ್ಕೆ ಬರಲಿಲ್ಲ. ಆ ಜಾಗಕ್ಕೆ ಮಾತ್ರ ಹದಿನೈದು ದಿನದ ಮೇಲೆ ಗಿಡಕ್ಕೆ 50 ಮಿ.ಲೀ. ಲೆಕ್ಕದಲ್ಲಿ ಸ್ಯೂಡೊಮೊನಾಸ್ ನೀರನ್ನು ಬುಡಕ್ಕೆ ಹಾಕಿದೆವು, ಸುಮಾರು 140 ಲೀಟರ್ ದ್ರಾವಣ. ಹನಿ ನೀರಾವರಿಯಲ್ಲಿ ಬಿಡುವವರು ಪುಡಿ ಬಳಸಬೇಡಿ, ಟಾಲ್ಕ್ ಕೂತು ಹನಿಕೆಗಳು ಮುಚ್ಚಿಹೋಗುತ್ತವೆ. ದ್ರವರೂಪದ್ದು ಸಿಗುತ್ತದೆ.

ಸಸಿ ಹಿಡಿದ ಮೇಲೆ ನೋಡಿದರೆ ಮೇಲಿನ ಹೊಲದಲ್ಲಿ ಖಾಲಿ ಗುಣಿ ಅಪರೂಪ. ಹಾಳೆಯ ಜಾಗದ ಅಂಚಿನ ಒಂದು ಸಾಲಿನಲ್ಲಿ ಅಲ್ಲಲ್ಲಿ ಸತ್ತಿವೆ. ಕಾರಣ ಸ್ಪಷ್ಟ: ಅಂಚು ಹೂತ ಕಡೆ ಮಣ್ಣಿಗೆ ಶಾಖ ತಾಗಿರುವುದಿಲ್ಲ. ಹಾಳೆಯನ್ನು ರೋಗದ ಜಾಗಕ್ಕಿಂತ ಎಲ್ಲ ಕಡೆ ಒಂದು ಮೀಟರ್ ಹೊರಗೆ ಹಾಸಬೇಕು. ಸತ್ತ ಗುಣಿಗೆ ಮರುನಾಟಿ ಮಾಡುವ ಮುಂಚೆ ಎರಡು ಬೊಗಸೆ ಮಣ್ಣು ತೆಗೆದು ಹೊರಗೆ ಹಾಕಿ, ಗೊಬ್ಬರ ತುಂಬಿ, ಆಮೇಲೆ ಸಸಿ.

ಖರ್ಚು ರೋಗಕ್ಕೆಂದೇ ಆದದ್ದು ಎಕರೆಗೆ ಹತ್ತು ಸಾವಿರ ರೂಪಾಯಿಯ ಆಸುಪಾಸು, ಕೂಲಿ ಬಿಟ್ಟು. ಅದರಲ್ಲಿ ಅರ್ಧಕ್ಕೆ ಹತ್ತಿರ ಬೇವಿನ ಹಿಂಡಿಯೇ, ಆಮೇಲೆ ಪಾಲಿಥೀನ್ ಹಾಳೆ. ಟ್ರೈಕೋಡರ್ಮಾ, ಸ್ಯೂಡೊಮೊನಾಸ್, ವ್ಯಾಮ್ ಮೂರೂ ಸೇರಿ ಎರಡೂವರೆ ಸಾವಿರ. ಟ್ರೇ ಮತ್ತು ಕೋಕೋಪೀಟ್ ಹೇಗೂ ಬೇಕಾದದ್ದು, ಅದನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಕಾಗದಪತ್ರದ ಕಡೆ ಉದಾಸೀನ ಬೇಡ. ಖರೀದಿ ಕರಾರು ಮಾಡಿಕೊಂಡವರು ಕರಾರಿನಲ್ಲಿ ಯಾವ ರಾಸಾಯನಿಕ ನಿಷೇಧಿಸಿದ್ದಾರೆ ಎಂದು ಕಡ್ಡಿ ಅದ್ದುವ ಮುಂಚೆಯೇ ಓದಿ, ಆಮೇಲೆ ಓದಿ ಪ್ರಯೋಜನವಿಲ್ಲ. ಕಡ್ಡಿ ಖರೀದಿಯ ರಸೀದಿ, ಜೈವಿಕ ಗೊಬ್ಬರದ ಬಿಲ್ಲು, ಪೊಟ್ಟಣದ ಲೇಬಲ್ಲಿನ ಫೋಟೊ, ಮಣ್ಣಿನ ವರದಿ, ಪಹಣಿ ಒಂದೇ ಫೈಲಿನಲ್ಲಿರಲಿ. ಯಾವ ದಿನ ಏನು, ಎಷ್ಟು ಹಾಕಿದಿರಿ ಎಂದು ಒಂದು ನೋಟ್‌ಬುಕ್. ಔಷಧಿ ಸಸ್ಯ ಉತ್ಪನ್ನಗಳಿಗೆ ರಾಷ್ಟ್ರೀಯ ಔಷಧೀಯ ಸಸ್ಯಗಳ ಮಂಡಳಿಯ ಸ್ವಯಂಪ್ರೇರಿತ ಪ್ರಮಾಣೀಕರಣ ಬೇಕೆನ್ನುವವರಿಗೆ ಇಂಥ ದಾಖಲೆ ಬೇಕೇ ಬೇಕು.

ಈಗ ಉಳಿದಿರುವುದು ಮುಂದಿನ ವರ್ಷದ ಕಡ್ಡಿಯ ವ್ಯವಸ್ಥೆ. ಮೇಲಿನ ಹೊಲದ ಒಳ್ಳೆಯ ಗಿಡಗಳಿಂದ ಈ ಮಳೆಯಲ್ಲೇ ಕುಡಿ ಕೊಯ್ದು, ಕೋಲಿಯಸ್ ಎಂದೂ ಬೆಳೆಯದ ಅರ್ಧ ಗುಂಟೆ ಏರುಮಡಿಯಲ್ಲಿ ತಾಯಿಗಿಡಗಳನ್ನು ಬೇರೆಯಾಗಿ ಬೆಳೆಸುತ್ತಿದ್ದೇವೆ. ಮುಖ್ಯ ಹೊಲದ ನೀರು ಅಲ್ಲಿಗೆ ಹರಿಯದಂತೆ ಬದು ಹಾಕಿದೆ. ಬೇಸಿಗೆಯಲ್ಲಿ ಅವಕ್ಕೆ ನೆರಳು ಪರದೆ ಬೇಕಾಗುತ್ತದೆ, ಅದನ್ನು ಜನವರಿಯಲ್ಲೇ ತಂದಿಟ್ಟುಕೊಳ್ಳಿ, ಮಾರ್ಚ್‌ನಲ್ಲಿ ದರ ಏರುತ್ತದೆ.